ಗಾಜಿನ ಮೇಲೆ ಜಿಂಕ್ ಆಕ್ಸೈಡ್ ನ್ಯಾನೋರಾಡ್ (ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿ) ನೆಟ್ಟಗೆ ನಿಲ್ಲುತ್ತಿಲ್ಲ, ಬರೀ ಬಿಳಿ ಪುಡಿ ಬರುತ್ತಿದೆ. ಯಾಕೆ?

ಜಿಂಕ್ ನೈಟ್ರೇಟ್, ಹೆಕ್ಸಮೀನ್ ಎರಡೂ 25 ಮಿಲಿಮೋಲಾರ್, 90 ಡಿಗ್ರಿ ಶಾಖ, ಗಾಜು ಬೀಕರ್‌ನ ತಳದಲ್ಲಿ ಅಂತ ಬರೆದಿದ್ದೀರಿ. ಅಳತೆಯಲ್ಲಿ ತಪ್ಪೇನಿಲ್ಲ. ಆದರೆ ಸೀಡ್ ಲೇಯರ್, ಅಂದರೆ ಕಡ್ಡಿ ಬೆಳೆಯಲು ಗಾಜಿನ ಮೇಲೆ ಮೊದಲೇ ಕೂರಿಸುವ ಪುಟಾಣಿ ಹರಳುಗಳ ಪದರದ ಬಗ್ಗೆ ಒಂದು ಮಾತೂ ಇಲ್ವಲ್ಲ! ನನ್ನ ಅನುಮಾನ ಅದರ ಮೇಲೇ.

ಬಿಸಿಯಾದಾಗ ಹೆಕ್ಸಮೀನ್ ನಿಧಾನವಾಗಿ ಒಡೆದು ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯ ಆಗುತ್ತದೆ. ಅಮೋನಿಯದಿಂದ ಹೈಡ್ರಾಕ್ಸೈಡ್ ಹುಟ್ಟಿ, ಜಿಂಕ್ ಜೊತೆ ಸೇರಿ ಆಕ್ಸೈಡ್ ಹರಳಾಗುತ್ತದೆ. ಬರಿ ಗಾಜಿನ ಮೇಲೆ ಹೊಸ ಹರಳು ಶುರುವಾಗೋದು ಕಷ್ಟ. ಹಾಗಾಗಿ ಅದು ದ್ರಾವಣದ ಮಧ್ಯದಲ್ಲೇ ಹುಟ್ಟಿ, ಎಲ್ಲ ದಿಕ್ಕಿಗೂ ಕಡ್ಡಿ ಚಾಚಿ, ಭಾರವಾಗಿ ಕೆಳಗೆ ಬೀಳುತ್ತದೆ. ಕೆಳಗೆ ನಿಮ್ಮ ಗಾಜು ಕಾದು ಕೂತಿರುತ್ತದೆ! ಒದ್ದೆ ಟಿಶ್ಯೂನಿಂದ ಒರೆಸಿ ನೋಡಿ. ಬಿಳಿ ಸುಲಭವಾಗಿ ಬಂದುಬಿಟ್ಟರೆ ಅದು ಬೆಳೆದದ್ದಲ್ಲ, ಉದುರಿದ್ದು.

ಸೀಡ್ ಲೇಯರ್ ಹಾಕೋಕೆ ನಾನು ಮಾಡೋದು ಹೀಗೆ. ಜಿಂಕ್ ಅಸಿಟೇಟನ್ನು ಎಥನಾಲ್‌ನಲ್ಲಿ 5 ಮಿಲಿಮೋಲಾರ್ ಕರಗಿಸಿ, ಚೆನ್ನಾಗಿ ತೊಳೆದ ಗಾಜಿನ ಮೇಲೆ ಹನಿಸಿ, ಹತ್ತು ಸೆಕೆಂಡ್ ಬಿಟ್ಟು ಎಥನಾಲ್‌ನಿಂದ ತೊಳೆದು ಒಣಗಿಸುತ್ತೇನೆ. ಇದನ್ನೇ ನಾಲ್ಕೈದು ಸಲ. ಆಮೇಲೆ 350 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಬೇಕು. ಕಣ್ಣಿಗೆ ಏನೂ ಕಾಣಿಸಲ್ಲ, ಗಾಬರಿ ಬೇಡ. ಈ ಪುಟಾಣಿ ಹರಳುಗಳು ಹೆಚ್ಚಾಗಿ ಸಿ-ಅಕ್ಷ (ಹರಳಿನ ಉದ್ದದ ದಿಕ್ಕು) ಮೇಲ್ಮುಖವಾಗಿ ಕೂರುತ್ತವೆ. ಜಿಂಕ್ ಆಕ್ಸೈಡ್ ಬೇಗ ಬೆಳೆಯೋದೂ ಅದೇ ದಿಕ್ಕಿಗೆ, ಅದಕ್ಕೇ ಕಡ್ಡಿ ನೆಟ್ಟಗೆ ನಿಲ್ಲುತ್ತದೆ. ತಾಮ್ರದ ಕೆ-ಆಲ್ಫಾ ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ (ಹರಳುಗಳು ಯಾವ ದಿಕ್ಕಿಗಿವೆ ಅಂತ ತೋರಿಸುವ ಪರೀಕ್ಷೆ) 34.4 ಡಿಗ್ರಿ ಹತ್ತಿರದ 002 ಪೀಕ್, ಅಂದರೆ ಸಿ-ಅಕ್ಷದ ಗುರುತು, ಮಿಕ್ಕವನ್ನೆಲ್ಲ ಮೀರಿ ಎದ್ದಿದ್ದರೆ ಕೆಲಸ ಆಯ್ತು ಅಂತ.

ಬೆಳೆಸುವಾಗ ಸೀಡ್ ಇರುವ ಮುಖ ಕೆಳಗಿರಲಿ. ಗಾಜನ್ನು ಓರೆಯಾಗಿ ಒರಗಿಸಿ, ಇಲ್ಲವೇ ಟೆಫ್ಲಾನ್ ಹಿಡಿಕೆಯಲ್ಲಿ ತಲೆಕೆಳಗಾಗಿ ತೂಗುಹಾಕಿ. ಇಷ್ಟು ಮಾಡಿದರೆ ಪುಡಿಯ ಕಾಟ ಮುಕ್ಕಾಲು ಪಾಲು ಹೋಗುತ್ತದೆ.

ಉದ್ದ ಜಾಸ್ತಿ ಬೇಕು ಅಂತ ಸುಮ್ನೆ ರಾತ್ರಿಯಿಡೀ ಬಿಡಬೇಡಿ. ಕೆಲವು ಗಂಟೆಗಳಲ್ಲಿ ದ್ರಾವಣದ ಜಿಂಕ್ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಹೊಸ ದ್ರಾವಣಕ್ಕೆ ಬದಲಿಸಿ. ಸಾಂದ್ರತೆ ಏರಿಸಿದರೆ ಕಡ್ಡಿ ದಪ್ಪ ಆಗುತ್ತದೆ, ಅದು ನಿಮಗೆ ಬೇಡ ಅಲ್ವಾ? ತೆಳ್ಳಗೆ ಉದ್ದಕ್ಕೆ ಬೇಕಿದ್ದರೆ ಸ್ವಲ್ಪ ಪಾಲಿಎಥಿಲೀನ್‌ಇಮೀನ್ ಎಂಬ ಪಾಲಿಮರ್ ಸೇರಿಸಿ. ಅದು ಪಕ್ಕದ ಮುಖಗಳಿಗೆ ಅಂಟಿಕೊಂಡು ಅಗಲ ಬೆಳೆಯದಂತೆ ತಡೆಯುತ್ತದೆ.

ಫಾರ್ಮಾಲ್ಡಿಹೈಡ್ ಬರೋದರಿಂದ ಮುಚ್ಚಳ ತೆಗೆಯೋದು ಫ್ಯೂಮ್ ಹುಡ್ (ವಿಷಗಾಳಿ ಹೀರಿ ಹೊರಹಾಕುವ ಗೂಡು) ಒಳಗೇ ಆಗಲಿ. ಗಾಜನ್ನು ದ್ರಾವಣ ಬಿಸಿ ಇದ್ದಾಗಲೇ ಹೊರತೆಗೆದು, ತಕ್ಷಣ ಡಿಅಯೋನೈಸ್ಡ್ ನೀರಿನಲ್ಲಿ ತೊಳೆಯಿರಿ.