ಭಾಗಮಂಡಲ ದಾಟಿದ ಮೇಲೆ ನೆಟ್‌ವರ್ಕ್ ಹೋದರೂ ಮ್ಯಾಪ್‌ನ ನೀಲಿ ಚುಕ್ಕೆ ಹೇಗೆ ಓಡುತ್ತಲೇ ಇರುತ್ತದೆ?

ಜಾಗ ಗೊತ್ತುಮಾಡಲು ಫೋನ್‌ಗೆ ನೆಟ್‌ವರ್ಕ್ ಬೇಕಿಲ್ಲ, ಮೇಲೆ ಆಕಾಶ ತೆರೆದಿದ್ದರೆ ಸಾಕು. ಸುಮಾರು 20,000 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಾವೆಲ್ಲಿದ್ದೇವೆ, ಈಗ ಸಮಯ ಎಷ್ಟು ಅಂತ ಸದಾ ಸಾರುತ್ತಿರುತ್ತವೆ. ರೇಡಿಯೊ ಹಾಗೆ ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಕಳಿಸುವುದಿಲ್ಲ. ಸಂಕೇತ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಿಮ್ಮ ಜಾಗ ಲೆಕ್ಕಕ್ಕೆ ಬಂತು.

ನೆಟ್ ಬೇಕಾಗುವುದು ಚುಕ್ಕೆಯ ಹಿಂದಿನ ನಕ್ಷೆಗೆ. ಅದಕ್ಕೇ ಕೆಲವೊಮ್ಮೆ ಬರೀ ಖಾಲಿ ಪರದೆ ಮೇಲೆ ಚುಕ್ಕೆ ಓಡುತ್ತಿರುತ್ತದೆ, ಅಲ್ವಾ? ಮಡಿಕೇರಿಯಲ್ಲೇ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಮಳೆ, ಮಂಜು ಇದಕ್ಕೆ ಅಷ್ಟೇನೂ ಅಡ್ಡಿಯಲ್ಲ. ಮರ ಜಾಸ್ತಿ ಇರುವ ಕಾಫಿ ತೋಟದಲ್ಲಿ, ಬೆಟ್ಟದ ಸಂದಿಯಲ್ಲಿ ಮಾತ್ರ ಚುಕ್ಕೆ ಪಕ್ಕದವರ ತೋಟಕ್ಕೆ ಜಿಗಿಯಬಹುದು.