ಪಂಪ್ ಆಮೇಲೆ, ಮೊದಲು ಡಿಪ್‌ಸ್ಟಿಕ್ ಎಳೆಯಿರಿ

1978ರ ಶೆವ್ರೊಲೆ ಸಿ10 ಪಿಕಪ್, 350 ಘನ ಇಂಚಿನ ಎಂಜಿನ್, ಫ್ಯೂಯೆಲ್ ಪಂಪ್ ಸುತ್ತ ಪೆಟ್ರೋಲ್ ವಾಸನೆ, ಏರು ಬಂದರೆ ಗಾಡಿ ಮುಗ್ಗರಿಸುತ್ತದೆ. ಮೊದಲಿದ್ದಂಥದೇ ಮೆಕ್ಯಾನಿಕಲ್ ಪಂಪ್ ಹಾಕಲೋ, ಎಲೆಕ್ಟ್ರಿಕ್ ಹಾಕಿಬಿಡಲೋ ಅಂತ ಕೇಳಿದ್ದೀರಿ. ಅದರ ನಡುವೆ ಹೆಮ್ಮೆಯಿಂದ ಇನ್ನೊಂದು ಮಾತು ಸೇರಿಸಿದ್ದೀರಿ: ‘ಇತ್ತೀಚೆಗಂತೂ ಎಂಜಿನ್ ಒಂದು ಹನಿ ಆಯಿಲ್ ಕುಡಿಯಲ್ಲ.’ ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಇದೇ ಮಾತನ್ನು ನಾನೂ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನು.

ನನ್ನದೂ ಅದೇ 350 ಎಂಜಿನ್ನಿನ ಹಳೇ ಪಿಕಪ್. ಮೊದಲಿನಿಂದಲೂ ಆಯಿಲ್ ಕುಡಿಯುತ್ತಿತ್ತು, ವಾರಕ್ಕೊಮ್ಮೆ ಸ್ವಲ್ಪ ಸುರಿಯುವುದು ನನಗೆ ಅಭ್ಯಾಸವಾಗಿತ್ತು. ಒಂದು ಹಂತದಲ್ಲಿ ಸುರಿಯಬೇಕಾಗಿಯೇ ಬರಲಿಲ್ಲ. ಇನ್ನೆರಡು ವಾರಕ್ಕೆ, ಆಯಿಲ್ ಅಳೆಯುವ ಪಟ್ಟಿ, ಅದೇ ಡಿಪ್‌ಸ್ಟಿಕ್, ಎಳೆದು ನೋಡಿದರೆ ಮಟ್ಟ ಫುಲ್ ಗೆರೆಯಿಂದ ಒಂದು ಬೆರಳು ಮೇಲೆ! ಗಾಡಿ ಇಳಿಜಾರಲ್ಲಿ ನಿಂತಿರಬೇಕು ಅಂದುಕೊಂಡು ಒರೆಸಿ ವಾಪಸ್ ತೂರಿಸಿದೆ. ಆಯಿಲ್ ತಾನಾಗಿ ಹೆಚ್ಚಾಗುವ ಎಂಜಿನ್ ಭೂಮಿಯ ಮೇಲೆ ಎಲ್ಲಿದೆ ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಆಮೇಲೆ ನಿಮ್ಮ ಗಾಡಿಯ ಹಾಗೇ ಏರಿನಲ್ಲಿ ಮುಗ್ಗರಿಸತೊಡಗಿತು. ಹೊಸ ಪಂಪ್ ತಂದು ಒಂದು ಮಧ್ಯಾಹ್ನ ನಾನೇ ಬಿಚ್ಚಿ ಹಾಕಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಂಜಿನ್ ಆಯಿಲ್ ಮಾತ್ರ ಬದಲಾಯಿಸಲಿಲ್ಲ. ಆರು ವಾರದ ಹಿಂದಷ್ಟೇ ಹೊಸದು ಹಾಕಿಸಿದ್ದೆ, ಒಳ್ಳೇ ಆಯಿಲನ್ನು ಯಾರಾದರೂ ಚೆಲ್ಲುತ್ತಾರಾ ಅನ್ನೋ ಜಿಪುಣತನ.

ತಪ್ಪು ಆಗಿದ್ದು ಅಲ್ಲೇ. ಅದೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿರಲಿ. ಪಂಪಿನ ಹೊಟ್ಟೆಯಲ್ಲಿ ರಬ್ಬರು ಬಟ್ಟೆಯ ಒಂದು ಪರದೆ ಇರುತ್ತದೆ, ಡಯಾಫ್ರಮ್. ವಾಲ್ವುಗಳನ್ನು ತೆರೆಯುವ ದಂಡ, ಕ್ಯಾಮ್‌ಶಾಫ್ಟ್, ಅದರ ಮೇಲಿನ ಉಬ್ಬು ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಪಂಪಿನ ಲಿವರನ್ನು ಒತ್ತುತ್ತದೆ, ಲಿವರ್ ಡಯಾಫ್ರಮನ್ನು ಎಳೆದು ಟ್ಯಾಂಕಿನಿಂದ ಪೆಟ್ರೋಲ್ ಹೀರುತ್ತದೆ. ಅದನ್ನು ಕಾರ್ಬ್ಯುರೇಟರ್ ಕಡೆ ನೂಕುವುದು ಸ್ಪ್ರಿಂಗಿನ ಕೆಲಸ. ಡಯಾಫ್ರಮಿನ ಒಂದು ಮಗ್ಗುಲಲ್ಲಿ ಪೆಟ್ರೋಲ್, ಇನ್ನೊಂದು ಮಗ್ಗುಲಲ್ಲಿ ಲಿವರ್. ಆ ಲಿವರ್ ಇರುವ ಜಾಗ ನೇರವಾಗಿ ಎಂಜಿನ್ನಿನ ಒಳಕ್ಕೆ ತೆರೆದುಕೊಂಡಿರುತ್ತದೆ. ಪರದೆ ಹರಿದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲಿ ಅಂತ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ, ಒಳಕ್ಕೆ ಹೋಗದಂತೆ ಒಂದು ಸೀಲೂ ಇರುತ್ತದೆ. ನನ್ನ ಪಂಪಿನಲ್ಲಿ ಆ ತೂತು ಮಣ್ಣು, ಜಿಡ್ಡು ಮೆತ್ತಿಕೊಂಡು ಮುಚ್ಚಿಹೋಗಿತ್ತು, ಸೀಲ್ ಸವೆದಿತ್ತು. ಹರಿದ ಪರದೆಯಿಂದ ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತಿತ್ತು. ಡಿಪ್‌ಸ್ಟಿಕ್ಕಿನಲ್ಲಿ ನಾನು ಕಂಡು ಹಿಗ್ಗಿದ್ದು ಅದನ್ನೇ. ಹೊಸ ಪಂಪು ಸೋರಿಕೆ ನಿಲ್ಲಿಸಿತು ನಿಜ, ಆಗಲೇ ಒಳಗೆ ಸೇರಿದ್ದ ಪೆಟ್ರೋಲನ್ನು ಅದೇನು ಹೀರಿ ತೆಗೆಯುತ್ತದೆಯೇ? ಪೆಟ್ರೋಲ್ ಬೆರೆತ ಆಯಿಲ್ ನೀರಾಗುತ್ತದೆ, ಬೇರಿಂಗುಗಳನ್ನು ಕಾಯುವುದಿಲ್ಲ.

ನಾಲ್ಕನೇ ದಿನ, ಗಾಡಿಯ ಹಿಂಭಾಗದಲ್ಲಿ ತುಂಬ ಲೋಡು, ಉದ್ದನೆಯ ಏರು. ಮೇಲೆ ಹತ್ತಿ ನಿಲ್ಲಿಸಿದಾಗ ಐಡಲಿನಲ್ಲಿ ಆಯಿಲ್ ಪ್ರೆಶರಿನ ಮುಳ್ಳು ತಳಕ್ಕೆ ಹತ್ತಿರ ನಡುಗುತ್ತಿತ್ತು. ಮುಳ್ಳೇ ಕೆಟ್ಟಿರಬೇಕು ಅಂದುಕೊಂಡೆ (ಅವತ್ತಿನ ಮಟ್ಟಿಗೆ ನನ್ನದೊಂದು ಬಿಟ್ಟು ಲೋಕದಲ್ಲಿ ಎಲ್ಲದರದ್ದೂ ತಪ್ಪು). ವಾಪಸ್ ಬರುವಾಗ ಕೆಳಗಿನಿಂದ ಟಕ್ ಟಕ್ ಶುರುವಾಯಿತು, ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಸಂಪ್ ಬಿಚ್ಚಿದಾಗ ಬಿಗ್ ಎಂಡ್ ಬೇರಿಂಗುಗಳು, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕ್ ಅನ್ನೋ ತಿರುಗುವ ದಂಡವನ್ನು ಹಿಡಿಯುವ ಜಾಗದವು, ಕೈಗೆ ಬಂದವು. ಬೂದು ಬಣ್ಣದ ಪದರ ಪೂರ್ತಿ ಸವೆದು ತಾಮ್ರ ಕಾಣುತ್ತಿತ್ತು, ಉಗುರು ಎಳೆದರೆ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಂಜಿನ್ ಇಳಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಉಜ್ಜಿ ಸಣ್ಣದಾದ ಕ್ರ್ಯಾಂಕಿಗೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕುವಷ್ಟರಲ್ಲಿ ಎರಡು ತಿಂಗಳು ಗಾಡಿ ಕಟ್ಟೆಯ ಮೇಲೆ ನಿಂತಿತ್ತು. ಉಳಿಸಲು ಹೋಗಿದ್ದು ಐದು ಲೀಟರೂ ಇಲ್ಲದ ಆಯಿಲನ್ನು.

ಹಾಗಾಗಿ ಯಾವ ಪಂಪ್ ಅನ್ನೋದು ಈಗ ಪ್ರಶ್ನೆಯೇ ಅಲ್ಲ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಮಟ್ಟ ಗೆರೆ ದಾಟಿದ್ದರೆ, ಆಯಿಲ್ ನೀರಿನ ಹಾಗೆ ಜಾರಿದರೆ, ಪೆಟ್ರೋಲ್ ನಾತ ಹೊಡೆದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಪೆಟ್ರೋಲ್ ಇದೆಯಾ ಅಂತ ಆ ಆಯಿಲಿಗೆ ಬೆಂಕಿ ಹಚ್ಚಿ ನೋಡು ಅನ್ನುವ ಜಾಣರಿದ್ದಾರೆ, ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಪಂಪ್ ಬದಲಾಯಿಸಿ, ಆಯಿಲೂ ಫಿಲ್ಟರೂ ಹೊಸದು ಹಾಕಿ, ಆಮೇಲೆ ಕೀ.

ಎಲೆಕ್ಟ್ರಿಕ್ ಬೇಡ ಅನ್ನೋದು ನನ್ನ ಹಠ. ಮೆಕ್ಯಾನಿಕಲ್ ಪಂಪ್ ಎಂಜಿನ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ಕಿಗೆ ಅಪಘಾತದಲ್ಲಿ ಕರೆಂಟ್ ಕಡಿಯುವ ಸ್ವಿಚ್ ಬೇಕು, ರಿಲೇ ಬೇಕು, ಪ್ರೆಶರ್ ಜಾಸ್ತಿಯಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿಗೆ ಬಾಗಿಲಾದ ನೀಡಲ್ ತಡೆಯದೆ ಪೆಟ್ರೋಲ್ ಉಕ್ಕುತ್ತದೆ, ಅದಕ್ಕೊಂದು ರೆಗ್ಯುಲೇಟರ್ ಬೇಕು. ಇನ್ನೊಂದು ಮಾತು: ಹರಿದ ಹಳೇ ಪಂಪನ್ನು ಅಲ್ಲೇ ಬಿಟ್ಟು ಟ್ಯಾಂಕ್ ಕಡೆ ಎಲೆಕ್ಟ್ರಿಕ್ ಸೇರಿಸುವವರನ್ನು ನೋಡಿದ್ದೇನೆ. ಅದು ಪೆಟ್ರೋಲನ್ನು ಒತ್ತಿ ಒತ್ತಿ ಎಂಜಿನ್ನಿನೊಳಕ್ಕೆ ತುಂಬುವ ಏರ್ಪಾಡು, ಅಷ್ಟೇ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಕಳಚಿ, ಟ್ಯಾಂಕ್ ಕಡೆಯ ಹೋಸನ್ನು ಒತ್ತಿ ಮುಚ್ಚಿ. ಬಿಚ್ಚುವಾಗ ಪಂಪಿನ ಫಿಟ್ಟಿಂಗಿಗೆ ಒಂದು ಸ್ಪ್ಯಾನರ್, ಪೈಪಿನ ನಟ್ಟಿಗೆ ಇನ್ನೊಂದು. ಒಂದೇ ಹಾಕಿ ತಿರುಗಿಸಿದರೆ ಸ್ಟೀಲ್ ಪೈಪ್ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಸತಾಯಿಸುವುದು ಪೆನ್ನಿನಷ್ಟು ಉದ್ದದ ಆ ಕಡ್ಡಿ. ಪಂಪ್ ತೆಗೆದ ಕೂಡಲೇ ಕೆಳಕ್ಕೆ ಜಾರುತ್ತದೆ, ಹೊಸ ಪಂಪಿನ ಲಿವರ್ ಅದರ ಕೆಳಗೆ ಸೇರುವುದೇ ಇಲ್ಲ. ಗಟ್ಟಿ ಗ್ರೀಸ್ ಬಳಿದು ಮೇಲಕ್ಕೆ ತಳ್ಳಿದರೆ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತದೆ. ಇಲ್ಲವಾದರೆ ಬ್ಲಾಕಿನ ಮುಂಭಾಗದಲ್ಲಿ ಆ ಕಡ್ಡಿಯ ಸಾಲಿಗೇ ಒಂದು ಗಿಡ್ಡ ಬೋಲ್ಟ್ ಇರುತ್ತದೆ, ಅದನ್ನು ತೆಗೆದು ಉದ್ದನೆಯದೊಂದನ್ನು ಬೆರಳಲ್ಲೇ ತಿರುಗಿಸಿ ತಾಗಿಸಿದರೆ ಕಡ್ಡಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಗಿಡ್ಡ ಬೋಲ್ಟನ್ನು ವಾಪಸ್ ಹಾಕಲು ಮರೆತೀರಿ ಮತ್ತೆ! ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಕಡ್ಡಿ ಪೂರ್ತಿ ಮೇಲಕ್ಕೆ ಹೋಗುವ ಜಾಗಕ್ಕೆ ತಂದುಕೊಂಡರೆ ಪಂಪ್ ಕೈಯೊತ್ತಿಗೇ ಕೂರುತ್ತದೆ. ಬೋಲ್ಟ್ ಬಿಗಿದು ಎಳೆದು ಕೂರಿಸಬೇಕಾಗಿ ಬಂದರೆ ಲಿವರ್ ತಪ್ಪು ಜಾಗದಲ್ಲಿದೆ ಅಂತಲೇ ಅರ್ಥ.

ಹಳೇ ರಬ್ಬರ್ ಹೋಸುಗಳನ್ನೂ ಆಗಲೇ ಬದಲಾಯಿಸಿ. ಟ್ಯಾಂಕ್ ಕಡೆಯ ಹೋಸ್ ಬಿರುಕು ಬಿಟ್ಟರೆ ಪೆಟ್ರೋಲ್ ಸೋರುವ ಬದಲು ಗಾಳಿ ಎಳೆದುಕೊಳ್ಳುತ್ತದೆ, ಏರಿನಲ್ಲಿ ಮುಗ್ಗರಿಸಲು ಅದೊಂದೇ ಸಾಕು.

ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಎಲ್ಲಿದೆ, ವಾಸನೆ ಹೇಗಿದೆ ಅಂತ ನೋಡಿ ಕೆಳಗೆ ಬರೆಯಿರಿ. ಗಾಡಿ ಅಲ್ಲಿಯವರೆಗೆ ನಿಂತಲ್ಲೇ ಇರಲಿ.