ಹಳೇ ಕೋಳಿ ಶೆಡ್ ಗುಡಿಸಿದ ಮೇಲೆ ಕೆಮ್ಮು: ಆ ಸ್ಟೀರಾಯ್ಡ್ ಮಾತ್ರೆ ಬಗ್ಗೆ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಹಳೇ ಶೆಡ್ ಒಣಗಿದ ಹಾಗೇ ಕೆರೆದು ಗುಡಿಸಿದ್ದೀರಿ. ಆಮೇಲೆ ಜ್ವರ, ಒಣ ಕೆಮ್ಮು. ಎಕ್ಸ್‌ರೇಯಲ್ಲಿ ಕಲೆ, ಕಫದಲ್ಲಿ ಟಿಬಿ ಇಲ್ಲ. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ನುಂಗಿ ಆರಾಮಾಯ್ತು, ಉಳಿದರ್ಧ ಈ ವಾರ ಗುಡಿಸುತ್ತೇನೆ ಅಂತೀರಿ. ದಯವಿಟ್ಟು ಬೇಡ. ನಮ್ಮಣ್ಣ ಮಾಡಿದ್ದೂ ಇದನ್ನೇ.

ಇದು ಹಿಸ್ಟೊಪ್ಲಾಸ್ಮಾ ಅನ್ನೋ ಬೂಷ್ಟಿನ (ಫಂಗಸ್) ಸೋಂಕು ಇರಬಹುದು. ಧೂಳು ಕುಡಿದ 3ರಿಂದ 17 ದಿನಕ್ಕೆ ಶುರುವಾಗುತ್ತದೆ. 'ಕೋಳಿಗಳು ಚೆನ್ನಾಗಿವೆಯಲ್ಲ' ಅನ್ನಬೇಡಿ, ಈ ಬೂಷ್ಟು ಹಕ್ಕಿಗಳಿಗೆ ತಗಲುವುದಿಲ್ಲ, ಅವುಗಳ ಹಿಕ್ಕೆಯಲ್ಲಿ ಬೆಳೆಯುತ್ತದೆ ಅಷ್ಟೇ. ಆದರೆ ಬಾವಲಿಗಳಿಗೆ ತಗಲುತ್ತದೆ.

ಬರೀ ಸ್ಟೀರಾಯ್ಡ್ ತಗೊಂಡರೆ ಜ್ವರ ಇಳಿಯುತ್ತದೆ, ಬೂಷ್ಟು ಒಳಗೆ ಹರಡುತ್ತದೆ. ಅಣ್ಣನಿಗೂ ಮೊದಲು ಆರಾಮ ಅನಿಸಿತ್ತು. ಆಮೇಲೆ ನಾಲಿಗೆ ಅಂಚಿನಲ್ಲಿ ಮಾಯದ ಹುಣ್ಣು, ತೂಕ ಇಳಿತ, ಎದ್ದು ನಿಂತರೆ ತಲೆಸುತ್ತು. ಸ್ಕ್ಯಾನ್ ಮಾಡಿದರೆ ಕಿಡ್ನಿ ಮೇಲಿರುವ ಎರಡೂ ಅಡ್ರಿನಲ್ ಗ್ರಂಥಿ ಊದಿದ್ದವು. ಕಾಯಿಲೆ ಗೊತ್ತಾಗಿದ್ದು ಹುಣ್ಣಿನ ಬಯಾಪ್ಸಿಯಲ್ಲಿ. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಂತೆ ಇಳಿಸಿ. ತೀರಾ ಉಸಿರು ಕಟ್ಟಿದರೆ ಬೂಷ್ಟಿನ ಔಷಧದ ಜೊತೆ ಸ್ಟೀರಾಯ್ಡನ್ನೂ ಕೊಡುವುದುಂಟು, ಅದು ಬೇರೆ ಮಾತು.

ಚಿಕಿತ್ಸೆ: ಗಟ್ಟಿ ಇರುವವರಿಗೆ ತಾನಾಗೇ ವಾಸಿಯಾಗುವುದೇ ಜಾಸ್ತಿ. ತಿಂಗಳು ದಾಟಿದರೆ ಇಟ್ರಾಕೊನಜೋಲ್ ಅನ್ನೋ ಬೂಷ್ಟಿನ ಔಷಧ 6ರಿಂದ 12 ವಾರ. ಮೈಯೊಳಗೆ ಹರಡಿದ್ದರೆ ಸುಮಾರು ಒಂದು ವರ್ಷ, ಜೋರಾಗಿದ್ದರೆ ಮೊದಲು ಆಂಫೊಟೆರಿಸಿನ್ ಅನ್ನೋ ಬೂಷ್ಟಿನ ಔಷಧದ ಡ್ರಿಪ್. ಫ್ಲುಕೊನಜೋಲ್ ಅನ್ನೋ ಇನ್ನೊಂದು ಬೂಷ್ಟಿನ ಮಾತ್ರೆ ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ನುಂಗುತ್ತಾ ಕೂರಬೇಡಿ, ಇದಕ್ಕೆ ಅದರ ಬಲ ಸಾಲದು.

ಇಟ್ರಾಕೊನಜೋಲ್ ನುಂಗುವ ರೀತಿಯಲ್ಲೇ ಅರ್ಧ ಜನ ಎಡವುತ್ತಾರೆ. ಕ್ಯಾಪ್ಸೂಲ್ ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ತಗೋಬೇಕು, ಸಿರಪ್ ಆದರೆ ಖಾಲಿ ಹೊಟ್ಟೆಗೆ. ಗ್ಯಾಸ್ ಮಾತ್ರೆ ಜೊತೆಗಿದ್ದರೆ ಕ್ಯಾಪ್ಸೂಲ್ ಸರಿಯಾಗಿ ಹೀರುವುದೇ ಇಲ್ಲ. ಅಣ್ಣ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸ್ ಮಾತ್ರೆ ನುಂಗುತ್ತಿದ್ದ, ಎರಡು ವಾರದ ಮೇಲೆ ರಕ್ತದಲ್ಲಿ ಔಷಧದ ಮಟ್ಟ ನೋಡಿದರೆ ಏನೇನೂ ಇರಲಿಲ್ಲ. ಬ್ರ್ಯಾಂಡ್ ಪದೇಪದೇ ಬದಲಿಸಬೇಡಿ. ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಸಣ್ಣ ಕಾಳುಗಳಿರುತ್ತವೆ, ಅವುಗಳ ಗಾತ್ರ, ಎಣಿಕೆ ಕಂಪನಿಯಿಂದ ಕಂಪನಿಗೆ ಬೇರೆ. ಸೋವಿ ಅಂತ ಹೊಸದಕ್ಕೆ ಹಾರುವುದು ನನಗಂತೂ ಇಷ್ಟವಿಲ್ಲ. ಹೃದಯದ ತೊಂದರೆ ಇದ್ದರೆ, ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತಗೋತಿದ್ದರೆ ಮೊದಲೇ ಹೇಳಿ. ಲಿವರ್ ಟೆಸ್ಟ್ ತಪ್ಪಿಸಬೇಡಿ. ಇನ್ನು ಟಿಬಿ ಇರಬಹುದು ಅಂತ ಅಂದಾಜಿನಲ್ಲೇ ರಿಫಾಂಪಿಸಿನ್ ಶುರು ಮಾಡಿದರೆ ಇಟ್ರಾಕೊನಜೋಲ್ ಪೂರಾ ದಂಡ.

ಡಾಕ್ಟರ್ ಹತ್ತಿರ 'ಕೆಮ್ಮು' ಅಂತಷ್ಟೇ ಹೇಳಬೇಡಿ. ಶೆಡ್ ಗುಡಿಸಿದ್ದು ಹೇಳಿ, ಮೂತ್ರದಲ್ಲಿ ಈ ಬೂಷ್ಟಿನ ಅಂಶ ಹುಡುಕುವ ಹಿಸ್ಟೊಪ್ಲಾಸ್ಮಾ ಆಂಟಿಜೆನ್ ಟೆಸ್ಟ್ ಆಗುತ್ತಾ ಕೇಳಿ. ಬೂಷ್ಟು ಬೆಳೆಸಿ ನೋಡುವ ಕಲ್ಚರ್ ವಾರಗಟ್ಟಲೆ ಹಿಡಿಯುತ್ತದೆ. ಮನೆಯವರಿಗೆ ನಿಮ್ಮಿಂದ ಅಂಟುವುದಿಲ್ಲ, ಆ ಭಯ ಬಿಡಿ.

ಉಳಿದರ್ಧ ಶೆಡ್ಡನ್ನು ಬೇರೆಯವರ ಕೈಲಿ ಮಾಡಿಸಿ. ಮೊದಲು ನೀರು ಮೆಲ್ಲಗೆ ಸಿಂಪಡಿಸಿ ಹಿಕ್ಕೆಯನ್ನು ತಳದವರೆಗೆ ನೆನೆಸಬೇಕು, ಜೋರು ಪೈಪ್ ಬಿಟ್ಟರೆ ಅದೇ ಧೂಳೆಬ್ಬಿಸುತ್ತದೆ. ಬ್ಲೋವರ್ ಮುಟ್ಟಲೇಬೇಡಿ. ಎನ್-95 ಮಾಸ್ಕ್ ಹಾಕಿಸಿ, ಬಟ್ಟೆ ಕಟ್ಟಿಕೊಂಡರೆ ಸಾಲದು. ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಸಿ. ಎಚ್‌ಐವಿ ಇರುವವರು, ಕಿಡ್ನಿ ಕಸಿ ಆದವರು, ಹಸುಗೂಸುಗಳು ಅವತ್ತು ಆ ಕಡೆ ಸುಳಿಯಬಾರದು.